ಸ್ವರಕ್ಕೆ ಕಿವಿಗೊಡುವ ಕ್ಯಾಮರಾ

ಛಾಯಾಚಿತ್ರಕ್ಕೆ ಧ್ವನಿಯಿಲ್ಲ, ಸಂಗೀತಕ್ಕೋ ಧ್ವನಿಯೇ ಸರ್ವಸ್ವ. ಗಾಯಕನು ಬಾಯಿ ತೆರೆದಿರುವ ಚಿತ್ರಗಳನ್ನು ಎಷ್ಟು ತೆಗೆದರೂ ಅವುಗಳಿಂದ ಹಾಡು ಹೊರಡುವುದಿಲ್ಲ. ಹಾಗಾದರೆ ಛಾಯಾಗ್ರಾಹಕನು ಹಿಡಿಯಬೇಕಾದುದೇನು? ನಾದವು ಮುಖದ ಮೇಲೆ, ಕೈಗಳ ಮೇಲೆ, ಪಕ್ಕದಲ್ಲಿ ಕುಳಿತವರ ಮೇಲೆ ಮಾಡುವ ಪರಿಣಾಮವನ್ನು. ನಲವತ್ತೈವತ್ತು ಮಂದಿ ಜಮಖಾನದ ಮೇಲೆ ಕುಳಿತು ಕೇಳುವ ಬೈಠಕ್ಕಿನಲ್ಲಿ ಇದಕ್ಕೆ ಇರುವಷ್ಟು ಅವಕಾಶ ದೊಡ್ಡ ಸಭಾಂಗಣಗಳಲ್ಲಿ ಇಲ್ಲ.

ಇದಕ್ಕೆ ಬೇಕಾದ ಮೊದಲ ಸಿದ್ಧತೆ ತಾಳದ ಪರಿಚಯ. ವಿಲಂಬಿತ ಏಕತಾಲದ 12 ಮಾತ್ರೆಗಳ ಒಂದು ಆವರ್ತನಕ್ಕೆ ಅರ್ಧ ನಿಮಿಷಕ್ಕೂ ಮಿಕ್ಕಿ ಕಾಲ ಹಿಡಿಯಬಹುದು. ಗಾಯಕನು ರಾಗದಲ್ಲಿ ವಿಹರಿಸಿ, ಮುಖಡಾ ಹಿಡಿದು ಸಮ್‌ಗೆ ಬಂದು ಸೇರುವಾಗ ಅವನ ಕೈ ಇಳಿಯುತ್ತದೆ. ತಬಲಾವಾದಕನ ದೃಷ್ಟಿ ಅವನ ದೃಷ್ಟಿಯನ್ನು ಸಂಧಿಸುತ್ತದೆ. ಶ್ರೋತೃಗಳ ತಲೆಗಳು ಒಮ್ಮೆಲೇ ತೂಗುತ್ತವೆ. ಲೆಕ್ಕ ಬಲ್ಲವನು ಈ ಕ್ಷಣಕ್ಕೆ ಮೊದಲೇ ಅಣಿಯಾಗಿರುತ್ತಾನೆ. ಅರಿಯದವನು ಅದು ಕಳೆದ ಮೇಲೆ ಗುಂಡಿಯನ್ನೊತ್ತುತ್ತಾನೆ.

ಕುಳಿತುಕೊಳ್ಳುವ ಜಾಗವೂ ಮುಖ್ಯ. ನಿಂತು ತೆಗೆದರೆ ಕಲಾವಿದ ಕುಬ್ಜನಾಗಿ ಕಾಣುತ್ತಾನೆ. ನೆಲದಲ್ಲಿ ಕುಳಿತು, ಅವನ ಕಣ್ಣಿನ ಮಟ್ಟದಿಂದ ನೋಡಬೇಕು. ನೇರ ಎದುರಿನಲ್ಲಿ ಮೈಕು ಮುಖಕ್ಕೆ ಅಡ್ಡ ಬರುತ್ತದೆ. ತಬಲಾ ಇರುವ ಬದಿಗೆ ತುಸು ಸರಿದು ಕುಳಿತರೆ, ಗಾಯಕನು ಪಕ್ಕವಾದ್ಯದತ್ತ ತಿರುಗಿದಾಗಲೆಲ್ಲ ಮುಖ ನಮ್ಮ ಕಡೆಗೇ ಬರುತ್ತದೆ.

ಇನ್ನು ಬೆಳಕಿನ ಮಾತು. ಫ್ಲಾಷ್ ಬಳಸಕೂಡದು. ಅದು ಮುಖದ ನೆರಳುಗಳನ್ನೆಲ್ಲ ಅಳಿಸುವುದಷ್ಟೇ ಅಲ್ಲ, ಕಣ್ಣು ಮುಚ್ಚಿ ಆಲಾಪದಲ್ಲಿ ಮಗ್ನನಾದವನನ್ನು ಬೆಚ್ಚಿಬೀಳಿಸುತ್ತದೆ. 50 ಅಥವಾ 85 ಮಿಲಿಮೀಟರಿನ, ಎಫ್ 1.8ರಷ್ಟು ತೆರೆಯಬಲ್ಲ ಲೆನ್ಸು ಇದ್ದು, ಐ.ಎಸ್.ಒ. 1600 ಅಥವಾ 3200 ಇಟ್ಟುಕೊಂಡರೆ ಸಾಮಾನ್ಯ ದೀಪಗಳ ಬೆಳಕೇ ಸಾಕು. ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮರಾ ಮೋಸಹೋಗಿ ಮುಖವನ್ನು ಬಿಳಿಚಿಸುತ್ತದೆ. ಆದುದರಿಂದ ಬೆಳಕನ್ನು ಮುಖದ ಮೇಲೆಯೇ ಅಳೆಯಬೇಕು. ಈಗಿನ ಕ್ಯಾಮರಾಗಳ ನಿಶ್ಶಬ್ದ ಷಟರ್ ಬೈಠಕ್ಕಿಗೆ ವರವೇ ಸರಿ. ಆದರೆ ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದಾದ್ದರಿಂದ ಅನೇಕ ದೀಪಗಳು 100 ಬಾರಿ ಮಿನುಗುತ್ತವೆ. ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ. ಷಟರ್ ವೇಗವನ್ನು ಸೆಕೆಂಡಿನ 1/100 ಅಥವಾ 1/50 ಭಾಗಕ್ಕೆ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆ ವೇಗದಲ್ಲಿ ತಬಲಾದ ಬೆರಳುಗಳು ಮಸುಕಾದರೆ ಆಗಲಿ. ಆ ಮಸುಕೇ ಲಯದ ಗುರುತು.

ವಾದನ ನಡೆಯುವಾಗಲೇ ಚಿತ್ರ ತೆಗೆಯಬೇಕೆಂಬ ನಿಯಮವೂ ಇಲ್ಲ. 1948ರಲ್ಲಿ ನ್ಯೂಯಾರ್ಕಿನ ರಾಯಲ್ ರೂಸ್ಟ್ ಎಂಬ ಜಾಝ್ ಕ್ಲಬ್ಬಿನಲ್ಲಿ ಹರ್ಮನ್ ಲೆನರ್ಡ್ ತೆಗೆದ ಡೆಕ್ಸ್ಟರ್ ಗಾರ್ಡನ್ನರ ಚಿತ್ರ ಜಗತ್ಪ್ರಸಿದ್ಧ. ಅದರಲ್ಲಿ ಗಾರ್ಡನ್ ನುಡಿಸುತ್ತಿಲ್ಲ. ಸ್ಯಾಕ್ಸಫೋನು ಸುಮ್ಮನಿದೆ, ಕೈಯಲ್ಲಿ ಸಿಗರೇಟಿದೆ, ಬೆಳಕಿನಲ್ಲಿ ಹೊಗೆ ಸುರುಳಿಸುರುಳಿಯಾಗಿ ಮೇಲೇಳುತ್ತಿದೆ. ಆದರೂ ನೋಡುವವನಿಗೆ ಸಂಗೀತದ ಸನ್ನಿಧಿಯಲ್ಲಿರುವ ಭಾವನೆ ಬರುತ್ತದೆ. ನಮ್ಮಲ್ಲಿಯೂ ತಂಬೂರಿ ಶ್ರುತಿ ಮಾಡುವ ಹೊತ್ತು, ಹಾಡು ಮುಗಿದ ಮರುಗಳಿಗೆಯ ಮೌನ, ಶಿಷ್ಯನು ಗುರುವಿನ ಮುಖವನ್ನೇ ನೋಡುತ್ತಿರುವ ಪರಿ, ಇವೆಲ್ಲ ಚಿತ್ರಕ್ಕೆ ಯೋಗ್ಯವಾದವು. ಇಂತಹ ಗಳಿಗೆಗಳು ದೊರೆಯಬೇಕಾದರೆ ಕಲಾವಿದರ ಪರಿಚಯ, ವಿಶ್ವಾಸಗಳು ಬೇಕು. ದಯಾನಿತಾ ಸಿಂಗ್ ಅವರು ಜಾಕಿರ್ ಹುಸೇನರೊಡನೆ ಹಲವು ಪ್ರವಾಸಗಳಲ್ಲಿ ಜೊತೆಗಿದ್ದು ತೆಗೆದ ಚಿತ್ರಗಳು 1986ರಲ್ಲಿ ಪುಸ್ತಕವಾಗಿ ಬಂದುದು ಇದಕ್ಕೆ ಒಳ್ಳೆಯ ನಿದರ್ಶನ.

ಚಿಕ್ಕ ಸಭೆಯಲ್ಲಿ ಛಾಯಾಗ್ರಾಹಕನು ಅತಿಥಿ. ಪಕ್ಕದವರ ಆಲಿಸುವಿಕೆಗೆ ಭಂಗ ತಂದು ಪಡೆದ ಚಿತ್ರ ಎಷ್ಟು ಸೊಗಸಾಗಿದ್ದರೂ ಅದರ ಬೆಲೆಯನ್ನು ತೆತ್ತವರು ಬೇರೆಯವರು. ಅನುಮತಿ ಪಡೆದು, ಒಂದೇ ಕಡೆ ಕುಳಿತು, ಮಿತವಾಗಿ ತೆಗೆಯಲಿ. ರಾಗವು ತಾರ ಷಡ್ಜವನ್ನು ಮುಟ್ಟಿ ನಿಂತಾಗ ಕ್ಯಾಮರಾವನ್ನು ಮಡಿಲಲ್ಲಿಟ್ಟು ಸುಮ್ಮನೆ ಕೇಳಲಿ. ಹಾಗೆ ಕೇಳಿದವನಿಗೆ ಮುಂದಿನ ಚಿತ್ರ ಎಲ್ಲಿ ಬರಲಿದೆಯೆಂದು ಮೊದಲೇ ತಿಳಿಯುತ್ತದೆ.