ನಿಮಗಿದು ಗೊತ್ತೆ? ಕಾರಿನ ದೂರಿಗೆ ಐದೇ ಅಕ್ಷರ!

ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿ: 16 ಪಿನ್ನುಗಳ ಪುಟ್ಟ ಸಾಕೆಟ್ ಕಾಣುತ್ತದೆ. ಅದೇ ಓಬಿಡಿ ಪೋರ್ಟ್. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಇದು ಕಡ್ಡಾಯ.

• ಬೆಂಕಿಪೊಟ್ಟಣದಷ್ಟೇ ಇರುವ ಬ್ಲೂಟೂತ್ ಸ್ಕ್ಯಾನರನ್ನು ಇದಕ್ಕೆ ಸಿಕ್ಕಿಸಿದರೆ, ‘ಚೆಕ್ ಎಂಜಿನ್’ ದೀಪ ಹೊತ್ತಿಕೊಂಡದ್ದೇಕೆ ಎಂಬ ಸುಳಿವು ಮೊಬೈಲಿನಲ್ಲೇ ಸಿಗುತ್ತದೆ.

• ಸುಳಿವು ಐದಕ್ಷರದ ಕೋಡ್ ರೂಪದಲ್ಲಿರುತ್ತದೆ. ‘ಪಿ0301’ ಬಂದರೆ ಒಂದನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ.

• ಆದರೆ ಕೋಡ್ ಹೇಳುವುದು ಜ್ವರವನ್ನು, ರೋಗವನ್ನಲ್ಲ. ಕೆಟ್ಟಿರುವುದು ಸ್ಪಾರ್ಕ್ ಪ್ಲಗ್ಗೋ, ಇಗ್ನಿಷನ್ ಕಾಯಿಲ್ಲೋ, ಇಂಜೆಕ್ಟರೋ ಎಂಬುದನ್ನು ಬಿಚ್ಚಿ ನೋಡಿಯೇ ತಿಳಿಯಬೇಕು.

• ಕೋಡ್ ಅಳಿಸಿದರೆ ದೀಪ ಆರುತ್ತದೆ; ದೋಷ ಉಳಿದಿದ್ದರೆ ಮತ್ತೆ ಹೊತ್ತುತ್ತದೆ.

• ದೀಪ ಮಿಟುಕುತ್ತಿದ್ದರೆ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿ ಹಿಡಿದು, ದುಬಾರಿ ಕೆಟಲಿಟಿಕ್ ಕನ್ವರ್ಟರನ್ನೇ ಸುಟ್ಟೀತು!