ಮರಗಳ ದೆಸೆಯಿಂದ ಕಾಣದ ಕಾಡು

ಪುಣೆಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಎಂಬ ತ್ರಿಭಾಷಾ ಸೂತ್ರವು ಯಾವ ಸರಕಾರದ ಆದೇಶವೂ ಇಲ್ಲದೆ ರೂಢಿಯಾಗಿದೆ. ಇವುಗಳಲ್ಲಿ ಇಂಗ್ಲಿಷಿನ ವ್ಯಾಕರಣವನ್ನು ಶಾಲೆಯಲ್ಲಿ ಕಲಿಯಬಹುದು. ಆದರೆ ಅದರ ನುಡಿಗಟ್ಟುಗಳು ಸುಲಭವಾಗಿ ಕೈಗೆ ಸಿಕ್ಕುವಂಥವಲ್ಲ. ಪದಪದಕ್ಕೂ ಅರ್ಥ ತಿಳಿದಿದ್ದರೂ ವಾಕ್ಯದ ಅರ್ಥ ತಪ್ಪಿಹೋಗುತ್ತದೆ. ಇದಕ್ಕೆ ‘ಕಾಂಟ್ ಸೀ ದ ವುಡ್ ಫಾರ್ ದ ಟ್ರೀಸ್’ ಎಂಬ ನುಡಿಗಟ್ಟು ಉತ್ತಮ ನಿದರ್ಶನವಾಗಿದೆ.

ಇದರಲ್ಲಿ ಕಲಿಯುವವರನ್ನು ಎಡವಿಸುವ ಕಲ್ಲುಗಳು ಎರಡು. ಮೊದಲನೆಯದು ‘ವುಡ್’. ನಾವು ಅದನ್ನು ಕಟ್ಟಿಗೆ, ಮರಮುಟ್ಟು ಎಂದು ತಿಳಿದವರು. ಇಲ್ಲಿ ಅದರ ಅರ್ಥ ಕಾಡು. ಅಮೆರಿಕದವರು ಈ ಗೊಂದಲಕ್ಕೆ ಎಡೆಯಿಲ್ಲದಂತೆ ‘ಫಾರೆಸ್ಟ್’ ಎಂದೇ ಹೇಳುತ್ತಾರೆ. ಎರಡನೆಯದು ‘ಫಾರ್’. ಅದಕ್ಕೆ ‘ಗಾಗಿ’ ಎಂಬ ಅರ್ಥವನ್ನೇ ಕಂಠಪಾಠ ಮಾಡಿದವರು ‘ಮರಗಳಿಗಾಗಿ ಕಟ್ಟಿಗೆ ಕಾಣದು’ ಎಂದು ಅನುವಾದಿಸಿ ಬೆರಗಾಗುತ್ತಾರೆ. ಇಲ್ಲಿ ‘ಫಾರ್’ ಎಂದರೆ ‘ದೆಸೆಯಿಂದ’, ‘ಅಡ್ಡವಾದುದರಿಂದ’. ‘ಮರಗಳು ಕಣ್ಣಿಗೆ ಅಡ್ಡವಾಗಿ ಕಾಡೇ ಕಾಣದು’ ಎಂಬುದು ಒಟ್ಟು ತಾತ್ಪರ್ಯ. ಜಾನ್ ಹೇವುಡ್ ಎಂಬಾತನು 1546ರಲ್ಲಿ ಪ್ರಕಟಿಸಿದ ಗಾದೆಗಳ ಸಂಗ್ರಹದಲ್ಲಿಯೇ ಈ ಮಾತು ದೊರೆಯುತ್ತದೆ ಎಂದಮೇಲೆ ಇದರ ಪ್ರಾಚೀನತೆಯನ್ನು ಊಹಿಸಬಹುದು.

ಬಿಡಿ ವಿವರಗಳಲ್ಲಿ ಮುಳುಗಿ ಇಡಿಯ ಸ್ವರೂಪವನ್ನು ಮರೆತವರನ್ನು ಕುರಿತು ಈ ಮಾತನ್ನು ಆಡುತ್ತಾರೆ. ಇದು ಹೊಗಳಿಕೆಯಲ್ಲ, ನಯವಾದ ಟೀಕೆ. ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುವುದಾದರೆ, ಸಾಲ ಕೇಳಿ ಬಂದ ವರ್ತಕನೊಬ್ಬನ ವೋಚರುಗಳು ಪೈಸೆ ಪೈಸೆಗೂ ಸರಿಯಾಗಿರಬಹುದು, ತಾಳೆಪಟ್ಟಿಯ ಎರಡು ಬದಿಗಳೂ ಸಮವಾಗಿರಬಹುದು. ಆದರೆ ಉಗ್ರಾಣದಲ್ಲಿ ಮಾರಾಟವಾಗದ ಸರಕು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದು, ಬರಬೇಕಾದ ಬಾಕಿ ಬಾರದಿದ್ದರೆ ಆ ವ್ಯಾಪಾರ ಮುಳುಗುತ್ತಿದೆ ಎಂದೇ ಅರ್ಥ. ವೋಚರುಗಳನ್ನಷ್ಟೇ ಪರೀಕ್ಷಿಸಿ ಸಾಲ ಮಂಜೂರು ಮಾಡಿದ ಅಧಿಕಾರಿಗೆ ಮರಗಳು ಕಂಡವು, ಕಾಡು ಕಾಣಲಿಲ್ಲ.

ಇದರ ವಿರುದ್ಧ ಗುಣವನ್ನು ‘ಬಿಗ್ ಪಿಕ್ಚರ್’ ನೋಡುವುದು ಎಂದು ಇಂದಿನ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇದನ್ನು ‘ದೊಡ್ಡ ಚಿತ್ರ’ ಎಂದು ಕನ್ನಡಿಸಿದರೆ ಕೇಳಿದವರು ಯಾವ ಚಿತ್ರಮಂದಿರದಲ್ಲಿ ಎಂದು ಪ್ರಶ್ನಿಸಿಯಾರು! ನಮ್ಮಲ್ಲಿ ‘ಸಮಗ್ರ ದೃಷ್ಟಿ’ ಎಂಬ ಮಾತಿದೆ. ಹಕ್ಕಿಯಂತೆ ಮೇಲಿನಿಂದ ನೋಡುವುದಕ್ಕೆ ‘ವಿಹಂಗಮ ನೋಟ’ವೆಂದೂ, ನಡೆದುಬಂದ ದಾರಿಯನ್ನು ತಿರುಗಿ ನೋಡುವುದಕ್ಕೆ ‘ಸಿಂಹಾವಲೋಕನ’ವೆಂದೂ ಹೆಸರುಂಟು. ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆಯೂ ಇದನ್ನೇ ಬೋಧಿಸುತ್ತದೆ.

ಆದರೆ ಸಮಗ್ರ ದೃಷ್ಟಿಯೆಂದರೆ ವಿವರಗಳನ್ನು ಕಡೆಗಣಿಸುವುದೇ? ಈ ಪ್ರಶ್ನೆಗೆ ಉತ್ತರವನ್ನು ನಿಜವಾದ ಒಂದು ಕಾಡಿನಲ್ಲಿಯೇ ಹುಡುಕೋಣ. ಕರ್ನಾಟಕಕ್ಕೂ ಪುಣೆಗೂ ಸಂಬಂಧಿಸಿದ ಈ ವೃತ್ತಾಂತವು ಆರೋಗ್ಯದ ದೃಷ್ಟಿಯಿಂದಲೂ ತಿಳಿದಿರಬೇಕಾದುದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಜನರಿಗೆ ತೀವ್ರ ಜ್ವರ ಬಂದಿತು. ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ, ಸಾವುಗಳೂ ಸಂಭವಿಸಿದವು. ರೋಗಿಯನ್ನು ಮಾತ್ರ ನೋಡಿದ್ದರೆ ಅದು ಹಲವು ಜ್ವರಗಳಲ್ಲಿ ಇನ್ನೊಂದು ಎನಿಸಿಬಿಡುತ್ತಿತ್ತು. ಆದರೆ ಅದೇ ಕಾಲದಲ್ಲಿ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳುತ್ತಿದ್ದುದು ಗಮನಕ್ಕೆ ಬಂದಿತು. ಮನುಷ್ಯರೂ ಮಂಗಗಳೂ ಒಟ್ಟಿಗೆ ಸಾಯುತ್ತಿರುವುದನ್ನು ಕಂಡು ಮೊದಲಿಗೆ ಹಳದಿ ಜ್ವರದ ಶಂಕೆ ಮೂಡಿತು. ತನಿಖೆಗೆ ಮುಂದಾದುದು 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರ. 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು ಪಡೆದುದು ಇದೇ. ಅಲ್ಲಿನ ವಿಜ್ಞಾನಿಗಳು ಇದು ಹಳದಿ ಜ್ವರವಲ್ಲ, ಅದುವರೆಗೆ ತಿಳಿದಿರದ ವೈರಸ್ಸಿನಿಂದ ಬಂದ ರೋಗ ಎಂದು ನಿರ್ಧರಿಸಿದರು. ಆ ವೈರಸ್ಸಿಗೆ ಕ್ಯಾಸನೂರಿನ ಹೆಸರೇ ಉಳಿಯಿತು. ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’.

ಕ್ರಮೇಣ ಕಾಡಿನ ಪೂರ್ಣ ಚಿತ್ರ ಗೋಚರಿಸಿತು. ರೋಗವನ್ನು ಹರಡುವುದು ಸಾಸಿವೆಕಾಳಿಗಿಂತಲೂ ಚಿಕ್ಕದಾಗಿರಬಲ್ಲ ಉಣುಗಿನ ಮರಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲೂ ಚದುರುತ್ತವೆ. ದನಗಳು ಕಾಡಿನಲ್ಲಿ ಮೇಯುವುದರಿಂದ ದೊಡ್ಡ ಉಣುಗುಗಳಿಗೆ ಆಹಾರ ದೊರೆತು ಅವುಗಳ ಸಂತತಿ ಬೆಳೆಯುತ್ತದೆ. ಕಾಡನ್ನು ಕಡಿದು ಊರು ಒಳನುಗ್ಗಿದಷ್ಟೂ ಸೌದೆಗೆ, ದರಗಿಗೆ ಹೋದವರಿಗೆ ಕಡಿತದ ಅಪಾಯ ಹೆಚ್ಚುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಇದು ಹರಡುವುದಿಲ್ಲ. ಜ್ವರ, ಮಂಗ, ಉಣುಗು, ದನ, ಕೊಡಲಿ ಇವೆಲ್ಲ ಒಂದೇ ಸರಪಣಿಯ ಕೊಂಡಿಗಳೆಂದು ತಿಳಿದುದೇ ಇಲ್ಲಿ ‘ಕಾಡನ್ನು ಕಾಣುವುದು’. ಈ ರೋಗ ಮಲೆನಾಡಿಗಷ್ಟೇ ಸೀಮಿತವಲ್ಲ. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿತು. ಬೇಸಗೆಯ ರಜೆಗೆ ಮಲೆನಾಡಿನ ತವರಿಗೋ ಕೊಂಕಣದ ಕಾಡಂಚಿಗೋ ಹೋಗುವವರು ಮೈಮುಚ್ಚುವ ಉಡುಪು ಧರಿಸುವುದು, ಮರಳಿದೊಡನೆ ಮೈ ಪರೀಕ್ಷಿಸಿಕೊಂಡು ಸ್ನಾನ ಮಾಡುವುದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸುವುದು ಲೇಸು. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಆ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸತ್ತ ಮಂಗವೆಂಬ ಕ್ಷುಲ್ಲಕ ವಿವರವನ್ನು ಯಾರೂ ಲಕ್ಷಿಸದೆ ಇದ್ದಿದ್ದರೆ ಸಮಗ್ರ ಚಿತ್ರವು ಎಂದಿಗೆ ಮೂಡುತ್ತಿತ್ತೋ ಹೇಳಲಾಗದು. ಇತ್ತೀಚೆಗೆ ಸಭೆಗಳಲ್ಲಿ ಕೆಳಗಿನವರು ತಮ್ಮ ಕಷ್ಟವನ್ನೋ ಲೆಕ್ಕದ ಲೋಪವನ್ನೋ ಎತ್ತಿದಾಗ ‘ಬಿಗ್ ಪಿಕ್ಚರ್ ನೋಡಿ’ ಎಂದು ಅವರ ಬಾಯಿ ಮುಚ್ಚಿಸುವ ರೂಢಿ ಕಾಣುತ್ತಿದೆ. ಇದು ನುಡಿಗಟ್ಟಿನ ದುರುಪಯೋಗ. ಗಾದೆಯು ಮರಗಳನ್ನು ಬಿಟ್ಟುಬಿಡಿ ಎನ್ನುವುದಿಲ್ಲ. ಮರಗಳ ನಡುವಣ ಸಂಬಂಧವನ್ನು ಕಾಣಿರಿ ಎನ್ನುತ್ತದೆ.

ನಮ್ಮ ದೇಹದ ವಿಷಯದಲ್ಲಿಯೂ ಇದೇ ನಿಯಮ. ಮಧುಮೇಹಿಯೊಬ್ಬರು ಒಂದು ಮುಂಜಾನೆಯ ರಕ್ತಪರೀಕ್ಷೆಯ ಅಂಕೆ ನೋಡಿ ಹಿಗ್ಗುವುದೂ ಕುಗ್ಗುವುದೂ ಸಾಮಾನ್ಯ. ಆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸ್ಥಿತಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ರಕ್ತದೊತ್ತಡ, ಮೂತ್ರಪಿಂಡ, ಕಣ್ಣು, ಪಾದ ಇವೆಲ್ಲವನ್ನೂ ಕೂಡಿಸಿ ನೋಡಿದಾಗಲೇ ವೈದ್ಯರಿಗೆ ನಿಜಸ್ಥಿತಿ ತಿಳಿಯುವುದು. ಹಾಗೆಂದು ಪಾದದ ಮೇಲಿನ ಸಣ್ಣ ಹುಣ್ಣನ್ನು ಅಲಕ್ಷಿಸುವಂತಿಲ್ಲ. ಅದೂ ಕಾಡಿನ ಒಂದು ಮರವೇ.

ಆದುದರಿಂದ ವಾಚಕರು ಈ ನುಡಿಗಟ್ಟನ್ನು ಇನ್ನೊಬ್ಬರನ್ನು ಚುಚ್ಚಲು ಬಳಸುವುದಕ್ಕಿಂತ ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಲು ಬಳಸುವುದು ಒಳಿತು. ಬಿಡಿಯನ್ನು ಶ್ರದ್ಧೆಯಿಂದ ನೋಡಿ ಇಡಿಯನ್ನು ವಿವೇಕದಿಂದ ಅರಿತವನಿಗೆ ಲೆಕ್ಕದ ಪುಸ್ತಕವೂ ತನ್ನ ಶರೀರವೂ ಸಕಾಲದಲ್ಲಿ ಎಚ್ಚರಿಕೆ ಕೊಡುತ್ತವೆ.