ಕಳಸದ ಕುಡಿಯುವ ನೀರು

ಕಳಸವು ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಭದ್ರಾ ನದಿಯ ದಂಡೆಯಲ್ಲಿರುವ ಊರು. ಹಿಂದೆ ಮೂಡಿಗೆರೆ ತಾಲೂಕಿಗೆ ಸೇರಿದ್ದ ಇದು ಈಗ ಪ್ರತ್ಯೇಕ ತಾಲೂಕಾಗಿದೆ. ಭದ್ರಾ ನದಿ, ಅದನ್ನು ಸೇರುವ ಹಳ್ಳಗಳು, ಗುಡ್ಡದ ಒರತೆಗಳು, ತೆರೆದ ಬಾವಿಗಳು ಹಾಗೂ ಕೊಳವೆ ಬಾವಿಗಳು ಈ ಪ್ರದೇಶದ ನೀರಿನ ಮೂಲಗಳಾಗಿವೆ. ಇಲ್ಲಿನ ನೀರು ನೋಡಲು ತಿಳಿಯಾಗಿರುತ್ತದೆ, ರುಚಿಯೂ ಚೆನ್ನಾಗಿರುತ್ತದೆ. ಆದರೆ ರೋಗಾಣುಗಳ ದೃಷ್ಟಿಯಿಂದ ಅದು ತಾನಾಗಿಯೇ ಸುರಕ್ಷಿತವಲ್ಲ.

ಮೂಲ

ಭದ್ರಾ ನದಿಯು ತುಂಗಾ ಮತ್ತು ನೇತ್ರಾವತಿ ನದಿಗಳಂತೆಯೇ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟಿ, ಕುದುರೆಮುಖ ಪಟ್ಟಣವನ್ನು ದಾಟಿ ಕಳಸಕ್ಕೆ ಬರುತ್ತದೆ. ಊರಿನ ಆಸುಪಾಸಿನಲ್ಲಿ ಅಂಬಾತೀರ್ಥವೂ ಸೇರಿದಂತೆ ಐದು ತೀರ್ಥಗಳಿವೆ. ನದಿಯ ಮೇಲ್ಭಾಗದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್‌ನಲ್ಲಿ ನೀಡಿದ ತೀರ್ಪಿನಂತೆ 2005ರ ಕೊನೆಗೆ ಅದು ನಿಂತಿತು. ಗಣಿಯ ಹೂಳು ಭದ್ರೆಗೆ ಸೇರುವುದು ಆ ವಿವಾದದ ಮುಖ್ಯ ಅಂಶಗಳಲ್ಲಿ ಒಂದಾಗಿತ್ತು.

ಮೇಲಿನ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ಮಣ್ಣು ಮುಂಗಾರಿನ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಒರತೆಗಳು ಹೀಗೆ ಉಂಟಾಗುತ್ತವೆ. ಕಾಡು ಕಡಿದು ಇಳಿಜಾರನ್ನು ಬರಿದುಮಾಡಿದಲ್ಲಿ ಮಳೆನೀರು ಇಂಗದೆ ಹರಿದುಹೋಗುತ್ತದೆ. ಅಂತಹ ಕಡೆ ಒರತೆ ಬೇಗ ಬತ್ತುತ್ತದೆ.

ಗುಡ್ಡದ ನೀರು

ಮಲೆನಾಡಿನಲ್ಲಿ ಮನೆಗಳು ಒತ್ತಾಗಿರದೆ ತೋಟಗಳ ನಡುವೆ ಚದುರಿರುತ್ತವೆ. ಆದ್ದರಿಂದ ಅನೇಕ ಮನೆಗಳವರು ಎತ್ತರದ ಒರತೆಗೆ ಸಣ್ಣ ಕಟ್ಟೆ ಕಟ್ಟಿ, ಪಂಪಿನ ನೆರವಿಲ್ಲದೆ ನೀರನ್ನು ಇಳಿಸಿಕೊಳ್ಳುತ್ತಾರೆ. ಹಿಂದೆ ಇದಕ್ಕೆ ಅಡಿಕೆ ಮರದ ದಂಬೆಗಳನ್ನು ಬಳಸುತ್ತಿದ್ದರು. ಈಗ ಕಪ್ಪು ಪ್ಲಾಸ್ಟಿಕ್ ಪೈಪು ಬಂದಿದೆ. 10 ಮೀಟರ್ ಎತ್ತರದ ವ್ಯತ್ಯಾಸವು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ನೀಡುವುದರಿಂದ, ವಿದ್ಯುತ್ ಹೋದರೂ ನಲ್ಲಿ ನಿಲ್ಲುವುದಿಲ್ಲ. ತರಗೆಲೆ ಸಿಕ್ಕಿಕೊಳ್ಳುವುದು, ಪೈಪಿನೊಳಗೆ ಗಾಳಿ ಕಟ್ಟುವುದು ಇದರ ನಿತ್ಯದ ತೊಂದರೆಗಳು. ದೊಡ್ಡ ತೊಂದರೆ ಬೇಸಿಗೆಯದು: ಮಾರ್ಚ್–ಏಪ್ರಿಲ್ ಹೊತ್ತಿಗೆ ಧಾರೆ ಸಣ್ಣದಾಗುತ್ತದೆ. ಅದೇ ಸಮಯದಲ್ಲಿ ತೋಟಕ್ಕೂ ನೀರು ಬೇಕಾಗುತ್ತದೆ.

ಗುಣಮಟ್ಟ

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 10500:2012 ಮಾನದಂಡ ಅನ್ವಯಿಸುತ್ತದೆ. ಹೆಚ್ಚು ಮಳೆ ಬೀಳುವ ಗುಡ್ಡಗಾಡಿನ ಒರತೆ ನೀರಿನಲ್ಲಿ ಕರಗಿದ ಲವಣಗಳು ಸಾಮಾನ್ಯವಾಗಿ ಕಡಿಮೆ. ಕೋಲಾರ, ಪಾವಗಡದಂತಹ ಒಣ ಪ್ರದೇಶಗಳನ್ನು ಕಾಡುವ ಫ್ಲೋರೈಡ್ ಇಲ್ಲಿನ ಮುಖ್ಯ ಸಮಸ್ಯೆಯಲ್ಲ. ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ. ಕೋಲಿ ಬ್ಯಾಕ್ಟೀರಿಯಾ ಕಾಣಬಾರದು. ದನಕರು, ಕಾಡುಪ್ರಾಣಿಗಳು ಓಡಾಡುವ ತೆರೆದ ಒರತೆಯಲ್ಲಿ ಈ ಷರತ್ತನ್ನು ಪೂರೈಸುವುದು ಕಷ್ಟ. ಮುಂಗಾರಿನ ಮೊದಲ ಮಳೆಗಳು ಮೇಲ್ಮಣ್ಣನ್ನೂ ಸಗಣಿಯನ್ನೂ ಕೊಚ್ಚಿ ತರುವುದರಿಂದ ಜೂನ್ ಹೆಚ್ಚು ಎಚ್ಚರಿಕೆ ಬೇಕಾದ ತಿಂಗಳು. ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್ ಎ ಇಂತಹ ನೀರಿನಿಂದ ಹರಡುತ್ತವೆ.

ಈ ಕಾರಣದಿಂದ ಲವಣ ತೆಗೆಯುವ ಆರ್‌ಒ ಯಂತ್ರವು ಇಂತಹ ನೀರಿಗೆ ಅಗತ್ಯವಲ್ಲ. ಅದು ಒಂದಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ ಕೂಡ. ಕುದಿಸುವುದು ಸಾಕಾಗುತ್ತದೆ. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದಾದರೆ 1000 ಲೀಟರಿಗೆ ಸುಮಾರು 2.5 ಗ್ರಾಂ ಬೇಕು. 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9400 ಲೀಟರ್, ಅಂದರೆ 24 ಗ್ರಾಂ ಪುಡಿ. ಹಾಕಿದ ಮೇಲೆ ಕನಿಷ್ಠ ಒಂದು ಗಂಟೆ ಬಿಟ್ಟು ನೀರು ಸೇದಬೇಕು. ರಾಡಿ ನೀರಿನಲ್ಲಿ ಕ್ಲೋರಿನ್ ಕೆಸರಿಗೇ ವ್ಯಯವಾಗುವುದರಿಂದ ಮೊದಲು ಅದನ್ನು ತಿಳಿಯಾಗಲು ಬಿಡಬೇಕಾಗುತ್ತದೆ.

ತೋಟಗಳ ಪರಿಣಾಮ

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್‌ನಿಂದ ಬರುವ ನೀರಿನಲ್ಲಿ ಸಕ್ಕರೆ ಮತ್ತು ಲೋಳೆ ತುಂಬಿರುತ್ತವೆ. ಹಳ್ಳಕ್ಕೆ ಬಿಟ್ಟರೆ ಅದು ಹುಳಿತು ನೀರಿನ ಆಮ್ಲಜನಕವನ್ನು ಹೀರುತ್ತದೆ. ಮಳೆ ನಿಂತು ಹೊಳೆ ಇಳಿಯುವ ತಿಂಗಳುಗಳಲ್ಲೇ ಕೊಯ್ಲು ನಡೆಯುವುದರಿಂದ ಹಾನಿ ಹೆಚ್ಚು. ಕಾಫಿಗೂ ಅಡಿಕೆಗೂ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಲಾಗುತ್ತದೆ. ಸಿಂಪಡಣೆಯ ಡ್ರಮ್ಮನ್ನು ಒರತೆಯ ಬಳಿ ತೊಳೆಯುವುದು ಅಪಾಯಕರ, ಏಕೆಂದರೆ ಅದೇ ಪೈಪಿನ ಕೆಳತುದಿಯಲ್ಲಿ ಅಡುಗೆಮನೆಯಿರುತ್ತದೆ.

ಯೋಜನೆ ಮತ್ತು ಕಾನೂನು

2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ನಲ್ಲಿಯ ಮೂಲಕ ತಲಾ ದಿನಕ್ಕೆ 55 ಲೀಟರ್ ನೀರು ನೀಡುವ ಗುರಿ ಹೊಂದಿದೆ. ಕರ್ನಾಟಕದಲ್ಲಿ ಇದು ‘ಮನೆ ಮನೆಗೆ ಗಂಗೆ’ ಎಂದು ಪರಿಚಿತ. ಒಂದೊಂದು ಮನೆಗೂ ಉದ್ದನೆಯ ಪೈಪು ಎಳೆಯಬೇಕಾದ ಮಲೆನಾಡಿನಲ್ಲಿ ಇದರ ಜಾರಿ ಬಯಲುಸೀಮೆಯಷ್ಟು ಸುಲಭವಲ್ಲ.

ತೋಟದ ಲೈನ್ ಮನೆಗಳ ಕಾರ್ಮಿಕರು ತಮ್ಮ ನೀರಿನ ಮೂಲವನ್ನು ತಾವೇ ಆರಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯ 8ನೆಯ ಕಲಮು ಎಲ್ಲ ಕಾರ್ಮಿಕರಿಗೂ ಸಾಕಷ್ಟು ಶುದ್ಧ ಕುಡಿಯುವ ನೀರು ಒದಗಿಸುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತು. 1981ರ ತಿದ್ದುಪಡಿಯ ನಂತರ ಅದು ಸಾಮಾನ್ಯವಾಗಿ 5 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣವಿದ್ದು 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ ಅನ್ವಯಿಸುತ್ತಿತ್ತು. ಸಣ್ಣ ಹಿಡುವಳಿಗಳೇ ಬಹುಸಂಖ್ಯೆಯಲ್ಲಿರುವ ಕರ್ನಾಟಕದ ಕಾಫಿ ಪ್ರದೇಶದಲ್ಲಿ ಅನೇಕ ತೋಟಗಳು ಈ ಮಿತಿಯಿಂದ ಹೊರಗುಳಿದವು. ಅಲ್ಲಿನ ಕಾರ್ಮಿಕರಿಗೆ ಮಾಲೀಕರ ಪೈಪು ಅಥವಾ ಪಂಚಾಯಿತಿಯ ನಲ್ಲಿಯೇ ಆಧಾರ.